ಪ್ರಾಣಕ್ಕೆ ಕ್ರಯವುಂಟೋ?

ಮನುಷ್ಯನು ತನ್ನ ಕೈಗಳ ದುಡಿತವನ್ನು ಕೊಟ್ಟು ಕೂಲಿಯನ್ನು ತೆಗೆದುಕೊಳ್ಳುವದು ಲೋಕದಲ್ಲಿ ಪುರಾತನವಾದ ಪದ್ಧತಿಯಾಗಿದೆ. ಬಡಗಿಯು ಕೂಲಿ ಕೇಳುವದರಲ್ಲಿ ತಪ್ಪಿಲ್ಲ. ನಾಟಿ ಮಾಡುವವಳು ಕೇಳುವದರಲ್ಲಿ ನಾಚಿಕೆಯಿಲ್ಲ. ಆಳವಾದ ಬಾವಿಯನ್ನು ತೋಡುವವನು, ಕೆಲಸದಲ್ಲಿ ಅಪಾಯವುಂಟೆಂದು ಹೆಚ್ಚಿನ ಕೂಲಿಯನ್ನು ಕೇಳಿದರೆ, ನಾವು ಅದನ್ನು ನ್ಯಾಯವೆಂದೇ ಎಣಿಸುತ್ತೇವೆ. ಹಾಗಾದರೆ ಒಬ್ಬನು ತನ್ನ ಪ್ರಾಣವನ್ನೇ ಕ್ರಯಕ್ಕೆ ಕೊಡಬಹುದೋ? ಒಂದು ರಾಜ್ಯವು ಹಣವನ್ನು ಎಣಿಸಿ ಅದನ್ನು ಕೊಂಡುಕೊಳ್ಳಬಹುದೋ? ರಶ್ಯರಿಗೂ ಉಕ್ರೇನಿನವರಿಗೂ ಉಂಟಾದ ಯುದ್ಧವು ಈ ಪ್ರಶ್ನೆಯನ್ನು ಎಲ್ಲರ ಮುಂದೆ ಇಟ್ಟಿರುವದರಿಂದ, ವಾಚಕರೊಂದಿಗೆ ಅದನ್ನು ಸ್ವಲ್ಪ ವಿಚಾರಿಸಲು ಮನಸ್ಸು ಮಾಡಿದ್ದೇವೆ.

ಮೊದಲು ಸಂಗತಿಗಳನ್ನು ಹೇಳೋಣ. ರಶ್ಯವು 2014ರಲ್ಲಿ ಕ್ರಿಮಿಯವನ್ನು ಕಸಕೊಂಡು, 2022ನೇ ಫೆಬ್ರವರಿ 24ರಂದು ಉಕ್ರೇನ್ ದೇಶದ ಮೇಲೆ ಪೂರ್ಣ ಬಲದಿಂದ ದಂಡೆತ್ತಿ ಹೋಯಿತು. ಕೆಲವು ದಿವಸಗಳಲ್ಲಿ ಮುಗಿಯುವದೆಂದು ನೆನಸಿದ ಕಾರ್ಯವು ಮುಗಿಯಲಿಲ್ಲ. ಆ ವರುಷದ ಸೆಪ್ಟೆಂಬರ್ 21ರಂದು ಅಧ್ಯಕ್ಷ ಪುತಿನ್ 3 ಲಕ್ಷ ಮಂದಿಯನ್ನು ಸೈನ್ಯಕ್ಕೆ ಕರೆಯುವ ಅಪ್ಪಣೆಯನ್ನು ಹೊರಡಿಸಿದನು. ಆಗ ಲಕ್ಷಾಂತರ ರಶ್ಯರು ಜಾರ್ಜಿಯ, ಕಜಾಕಸ್ತಾನ ಮೊದಲಾದ ದೇಶಗಳಿಗೆ ಓಡಿಹೋದರು. ಇದನ್ನು ಕಂಡ ಮೇಲೆ ಅರಸುತನದವರು ಬೇರೊಂದು ಮಾರ್ಗವನ್ನು ಹಿಡಿದರು. ಅದೇನಂದರೆ, ಎಳೆದು ತರುವದಕ್ಕಿಂತ ಹೆಚ್ಚಾಗಿ ಕೊಂಡು ತರುವದು.

2024ನೇ ಜುಲೈ ತಿಂಗಳಲ್ಲಿ, ಒಡಂಬಡಿಕೆಗೆ ರುಜು ಹಾಕುವವನಿಗೆ ಕೇಂದ್ರ ಸರಕಾರವು ಕೊಡುವ ಮುಂಗಡವು 1,95,000 ರೂಬಲಿನಿಂದ 4 ಲಕ್ಷಕ್ಕೆ ಏರಿತು. ಆ ಕಾಲದಲ್ಲಿ ಒಂದು ರೂಬಲು ನಮ್ಮ ಒಂದು ರೂಪಾಯಿಗೆ ಹೆಚ್ಚು ಕಡಿಮೆ ಸಮವಾಗಿತ್ತು. ಅದೇ ತಿಂಗಳಲ್ಲಿ ಮಾಸ್ಕೋ ಪಟ್ಟಣವು ತನ್ನ ಪಾಲಿನಿಂದ 19 ಲಕ್ಷ ರೂಬಲು ಕೊಡುವೆನೆಂದು ಸಾರಿತು. ರಣರಂಗದ ಸಿಪಾಯಿಯ ತಿಂಗಳ ಸಂಬಳವು ದೇಶದ ಸಾಧಾರಣ ಸಂಬಳದ ಎರಡರಷ್ಟಕ್ಕೂ ಹೆಚ್ಚಾಗಿತ್ತು. 2024ನೇ ನವೆಂಬರಿನಲ್ಲಿ ಆದ ಒಂದು ಕಾನೂನಿನ ಪ್ರಕಾರ, ಹೊಸದಾಗಿ ಸೈನ್ಯ ಸೇರುವವನಿಗೆ 1 ಕೋಟಿ ರೂಬಲಿನ ವರೆಗಿನ ಹಳೇ ಸಾಲವು ಮನ್ನಾ ಆಗುವದು. ಸತ್ತವನ ಮನೆಯವರಿಗೆ ಅಧ್ಯಕ್ಷನ ಅಪ್ಪಣೆಯಂತೆ 50 ಲಕ್ಷ ರೂಬಲುಗಳೂ, ಅದಲ್ಲದೆ ವಿಮೆಯ ಹಣವೂ ಸಲ್ಲುವದು. ವ್ಲಾದಿಸ್ಲಾವ್ ಇನೋಜೆಮ್ತ್ಸೆವ್ ಎಂಬ ರಶ್ಯದ ಅರ್ಥಶಾಸ್ತ್ರಜ್ಞನು, ಬಡ ಪ್ರಾಂತಗಳಲ್ಲಿ 35 ವರುಷ ಪ್ರಾಯದವನು ಒಂದು ವರುಷ ಯುದ್ಧ ಮಾಡಿ ಸತ್ತರೆ, 60 ವರುಷದ ವರೆಗೆ ಬದುಕಿ ದುಡಿದು ಗಳಿಸುವದಕ್ಕಿಂತ ಹೆಚ್ಚು ಹಣವು ಮನೆಗೆ ಬರುವದೆಂದು ಲೆಕ್ಕ ಹಾಕಿ, ಇದಕ್ಕೆ ಮರಣದ ಅರ್ಥಶಾಸ್ತ್ರವೆಂಬ ಭಾವದ ಹೆಸರನ್ನು ಕೊಟ್ಟನು.

ಇದನ್ನು ಕೇಳಿ ಕೆಲವರು, "ಇದರಲ್ಲಿ ಅನ್ಯಾಯವೇನು? ಯಾರನ್ನೂ ಕಟ್ಟಿ ಎಳಕೊಂಡು ಹೋಗಲಿಲ್ಲ, ಅವನು ತಾನಾಗಿ ಒಪ್ಪಿದನು, ಹಣವೂ ಮುಟ್ಟಿತು" ಎಂದು ಹೇಳಾರು. ಈ ಮಾತು ಹಗುರವಾದದ್ದಲ್ಲ. ಸಿಪಾಯಿಗೆ ಸಂಬಳವೂ ವಿಧವೆಗೆ ಆಧಾರವೂ ಇರಬೇಕೆಂಬದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಒಪ್ಪಿಗೆ ಎಂಬದು ನಿಜವಾದ ಒಪ್ಪಿಗೆಯಾಗಬೇಕಾದರೆ ಮೂರು ಸಂಗತಿಗಳು ಬೇಕೆಂದು ನಮಗೆ ತೋರುತ್ತದೆ.

ಮೊದಲನೆಯದು, ಒಲ್ಲೆನೆಂದು ಹೇಳಲು ಅವನಿಗೆ ಸ್ಥಳವಿರಬೇಕು. ಸತ್ತವರ ಹೆಸರುಗಳನ್ನು ಒಂದೊಂದಾಗಿ ಕೂಡಿಸಿದವರ ಪಟ್ಟಿಯಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಮಾಸ್ಕೋವಿನವರು ಬಹಳ ಕಡಿಮೆ. ತುವಾ, ಬುರ್ಯಾತಿಯ ಮೊದಲಾದ ದೂರದ ಬಡ ಪ್ರಾಂತಗಳವರು ಬಹಳ ಹೆಚ್ಚು. ದೇಶದ ಮೇಲಣ ಪ್ರೀತಿಯೇ ಇವರನ್ನು ಕರೆದಿದ್ದರೆ ಆ ಪ್ರೀತಿಯು ಬಡವರಲ್ಲಿ ಮಾತ್ರ ಇಷ್ಟು ಹೆಚ್ಚಾದದ್ದು ಹೇಗೆ? ಸಾಲದಲ್ಲಿ ಮುಳುಗಿದವನಿಗೆ ಸಾಲದ ಪತ್ರವನ್ನು ತೋರಿಸಿ, ಸೆರೆಯಲ್ಲಿದ್ದವನಿಗೆ ಬಾಗಿಲಿನ ಬೀಗದ ಕೈಯನ್ನು ತೋರಿಸಿ, ನಿನ್ನ ಇಷ್ಟವೇನೆಂದು ಕೇಳುವದು ಇಷ್ಟವನ್ನು ಕೇಳುವದಲ್ಲ. 2022ರಲ್ಲಿ ಪ್ರಿಗೊಜಿನ್ ಎಂಬವನು ಸೆರೆಮನೆಗಳಿಗೆ ಹೋಗಿ, ಆರು ತಿಂಗಳು ಯುದ್ಧ ಮಾಡಿ ಬದುಕಿ ಉಳಿದವನಿಗೆ ಕ್ಷಮಾಪಣೆಯುಂಟೆಂದು ಹೇಳಿ ಸಾವಿರಾರು ಜನರನ್ನು ಕರೆದುಕೊಂಡು ಹೋದದ್ದು ಈ ಪ್ರಕಾರವೇ.

ಎರಡನೆಯದು, ತಾನು ಮಾರುವದೇನೆಂದು ಅವನಿಗೆ ತಿಳಿದಿರಬೇಕು. ಇದರಲ್ಲಿ ನಮ್ಮ ನಾಡಿನವರಿಗೂ ಪಾಲು ಬಂತು. ಕಲಬುರಗಿ ಜಿಲ್ಲೆಯ ಕೆಲವು ಯುವಕರೂ ತೆಲಂಗಾಣ, ಗುಜರಾತು, ಪಂಜಾಬು, ಕೇರಳಗಳ ಬೇರೆ ಕೆಲವರೂ ಕಾವಲಿನ ಕೆಲಸ, ಸಹಾಯಕನ ಕೆಲಸ ಎಂಬ ಮಾತನ್ನು ನಂಬಿ ರಶ್ಯಕ್ಕೆ ಹೋಗಿ, ತಾವು ಓದಲಾರದ ಭಾಷೆಯಲ್ಲಿದ್ದ ಕಾಗದಕ್ಕೆ ರುಜು ಹಾಕಿ, ಕಡೆಗೆ ಕಂದಕಗಳ ಬಳಿಯಲ್ಲಿ ನಿಂತರೆಂಬ ಸಂಗತಿಯು 2024ರ ಆರಂಭದಲ್ಲಿ ಹೊರಬಿತ್ತು. ಮಾರ್ಚಿಯಲ್ಲಿ ಸಿ.ಬಿ.ಐ. ಅಧಿಕಾರಿಗಳು ಅಂಥ ದಲ್ಲಾಳಿಗಳ ಮೇಲೆ ಮೊಕದ್ದಮೆ ಹೂಡಿದರು. ಜುಲೈಯಲ್ಲಿ ನಮ್ಮ ಪ್ರಧಾನ ಮಂತ್ರಿಗಳು ಮಾಸ್ಕೋವಿನಲ್ಲಿ ಈ ವಿಷಯವನ್ನು ಎತ್ತಿದರು. ಸೆಪ್ಟೆಂಬರಿನಲ್ಲಿ ಕಲಬುರಗಿಯವರು ಕೆಲವರು ಮನೆಗೆ ಮುಟ್ಟಿದರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಹೀಗೆ ಸೇರಿದ 126 ಭಾರತೀಯರಲ್ಲಿ 96 ಮಂದಿ ಹಿಂದಿರುಗಿದರೆಂದೂ, 12 ಮಂದಿ ಸತ್ತರೆಂದೂ, 16 ಮಂದಿಯ ಸುಳಿವಿಲ್ಲವೆಂದೂ ಭಾರತ ಸರಕಾರವು 2025ನೇ ಜನವರಿಯಲ್ಲಿ ತಿಳಿಸಿತು. ಇವರು ಮಾರಿದ್ದು ದುಡಿತವನ್ನು. ಕೊಂಡವನು ತೆಗೆದುಕೊಂಡದ್ದು ಪ್ರಾಣವನ್ನು. ಇದಕ್ಕೆ ವ್ಯಾಪಾರವೆಂಬ ಹೆಸರು ಸಲ್ಲದು.

ಮೂರನೆಯದು, ಕೊಳ್ಳುವವನು ಲೆಕ್ಕ ಒಪ್ಪಿಸಬೇಕಾದವನಾಗಿರಬೇಕು. ನಮ್ಮ ಎಣಿಕೆಯಲ್ಲಿ ಇದೇ ಎಲ್ಲಕ್ಕಿಂತ ಭಾರವಾದದ್ದು. ಒಂದು ದೇಶದವರು ತಮ್ಮ ಮಕ್ಕಳನ್ನು ಯುದ್ಧಕ್ಕೆ ಕಳುಹಿಸಬೇಕಾದಾಗ, ಈ ಯುದ್ಧವು ಯಾತಕ್ಕೆ ಎಂದು ಪ್ರತಿ ಮನೆಯಲ್ಲಿಯೂ ಕೇಳುತ್ತಾರೆ. ಹಣವು ಆ ಪ್ರಶ್ನೆಯ ಬಾಯನ್ನು ಮುಚ್ಚುತ್ತದೆ. ಹೋದವನು ಕ್ರಯಕ್ಕೆ ಹೋದವನು, ಸತ್ತವನ ಕ್ರಯವು ಸಂದಿದೆ, ಇನ್ನು ಕೇಳುವದೇನಿದೆ ಎಂಬ ಮಾತು ಹುಟ್ಟುತ್ತದೆ. 2022ರಲ್ಲಿ ಬಲವಂತವಾಗಿ ಕರೆಯಲ್ಪಟ್ಟವರ ಹೆಂಡತಿಯರು ಬಿಳಿಯ ತಲೆವಸ್ತ್ರವನ್ನು ಕಟ್ಟಿಕೊಂಡು, ನಮ್ಮ ಗಂಡಂದಿರನ್ನು ಮನೆಗೆ ಬಿಡಿರೆಂದು ಕೇಳಿಕೊಂಡಾಗ, 2024ರಲ್ಲಿ ಸರಕಾರವು ಅವರ ಕೂಟವನ್ನು ಪರದೇಶದವರ ಕೈಯಾಳೆಂದು ಪಟ್ಟಿಗೆ ಸೇರಿಸಿತು. ಕೊಂಡವರ ವಿಷಯದಲ್ಲಿ ಇಂಥ ಕೂಗು ಏಳುವದು ಇನ್ನೂ ಕಷ್ಟ. ಜರ್ಮನಿಯ ತತ್ವಜ್ಞಾನಿಯಾದ ಕಾಂಟನು ನಿತ್ಯ ಸಮಾಧಾನದ ವಿಷಯವಾಗಿ 1795ರಲ್ಲಿ ಬರೆದ ಚಿಕ್ಕ ಗ್ರಂಥದಲ್ಲಿ, ಕೊಲ್ಲುವದಕ್ಕೂ ಸಾಯುವದಕ್ಕೂ ಜನರನ್ನು ಕೂಲಿಗೆ ಹಿಡಿಯುವದು ಮನುಷ್ಯನನ್ನು ಮತ್ತೊಬ್ಬನ ಕೈಯ ಯಂತ್ರವನ್ನಾಗಿ ಮಾಡುವದೆಂದು ಆಕ್ಷೇಪಿಸಿದನು. ಸ್ವದೇಶವನ್ನು ಕಾಯುವದಕ್ಕೆ ಪ್ರಜೆಗಳೇ ಆಯುಧ ಹಿಡಿಯುವದನ್ನು ಬೇರೆಯಾಗಿ ಎಣಿಸಿದನು.

ಹಾಗಾದರೆ ಉಕ್ರೇನಿನವರ ಮಾರ್ಗವು ಕಳಂಕವಿಲ್ಲದ್ದೋ? ಹಾಗೆನ್ನಲಾರೆವು. ತನ್ನ ಮನೆಯನ್ನು ಕಾಯುವವನೂ ಮನೆಯವರಿಗೆ ಕಠಿಣನಾಗಬಹುದು. ಅಲ್ಲಿ ಕಾನೂನಿನ ಬಲದಿಂದ ಜನರನ್ನು ಸೇರಿಸಿದರು. ಬೀದಿಯಲ್ಲಿ ಹಿಡಿದು ಒಯ್ದದ್ದುಂಟು. ತಪ್ಪಿಸಿಕೊಳ್ಳುವದಕ್ಕಾಗಿ ಗಡಿಯ ತಿಸಾ ನದಿಯನ್ನು ಈಜಲು ಹೋಗಿ ಮುಳುಗಿ ಸತ್ತವರುಂಟು. ಹಣವಿದ್ದವರು ಲಂಚ ಕೊಟ್ಟು ಬಿಡಿಸಿಕೊಂಡದ್ದರಿಂದ 2023ನೇ ಆಗಸ್ಟಿನಲ್ಲಿ ಅಧ್ಯಕ್ಷ ಜೆಲೆನ್ಸ್ಕಿಯು ಪ್ರಾಂತಗಳ ಸೈನ್ಯಭರ್ತಿಯ ಮುಖ್ಯಸ್ಥರೆಲ್ಲರನ್ನು ತೆಗೆದುಹಾಕಿದನು. 2025ರಲ್ಲಿ 18ರಿಂದ 24 ವರುಷದವರಿಗೆ 10 ಲಕ್ಷ ಹ್ರಿವ್ನಿಯ ಕೊಡುವೆವೆಂದು ಅವರೂ ಹಣದ ಮಾತನ್ನೆತ್ತಿದರು. ಆದರೂ ಒಂದು ಭೇದವುಂಟು. 2024ರಲ್ಲಿ ಸೈನ್ಯಭರ್ತಿಯ ಕಾನೂನು ಅವರ ಸಭೆಗೆ ಬಂದಾಗ ಅದಕ್ಕೆ 4,000ಕ್ಕಿಂತ ಹೆಚ್ಚು ತಿದ್ದುಪಡಿಗಳು ಬಂದವು. ಸಿಪಾಯಿಗಳ ಹೆಂಡತಿಯರು ಕೀವಿನ ಬೀದಿಗಳಲ್ಲಿ ನಿಂತು, ನಮ್ಮವರಿಗೆ ಬಿಡುಗಡೆ ಯಾವಾಗ ಎಂದು ಕೇಳಿದರು. ಅವರು ಬೇಡಿದ್ದೆಲ್ಲಾ ಸಿಕ್ಕಲಿಲ್ಲ. ಆದರೆ ಪ್ರಶ್ನೆಯು ಸಾಯಲಿಲ್ಲ.

ಕ್ರಯಕ್ಕೆ ಕೊಂಡ ಯುದ್ಧದಿಂದ ಇನ್ನೊಂದು ಕೇಡೂ ಹುಟ್ಟುತ್ತದೆ. ರಶ್ಯದ ಬಡ ಪ್ರಾಂತಗಳ ಬ್ಯಾಂಕುಗಳಲ್ಲಿ ಜನರ ಠೇವಣಿಗಳು ಬೆಳೆದವು. ಎಂದೂ ಹಣ ಕಾಣದ ಮನೆಗಳು ಹಣವನ್ನು ಕಂಡವು. ಇತ್ತ ಕಾರ್ಖಾನೆಗಳಿಗೆ ಕೆಲಸಗಾರರು ಸಿಕ್ಕದೆ ಹೋದರು. 2024ನೇ ಅಕ್ಟೋಬರಿನಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕಿನ ಬಡ್ಡಿಯು ನೂರಕ್ಕೆ 21ಕ್ಕೆ ಏರಿತು. 2025ರ ಆಯವ್ಯಯದಲ್ಲಿ ಸುಮಾರು ಮೂರನೇ ಒಂದು ಪಾಲು ಸೈನ್ಯಕ್ಕೆ ನೇಮಕವಾಯಿತು. ಯುದ್ಧವು ಹೊಟ್ಟೆಪಾಡಿನ ದಾರಿಯಾದ ಊರಿನಲ್ಲಿ ಸಮಾಧಾನವು ನಷ್ಟದಂತೆ ಕಾಣುವದು. ಒಂದು ಜನಾಂಗದ ಮನಸ್ಸಾಕ್ಷಿಗೆ ಇದಕ್ಕಿಂತ ದೊಡ್ಡ ಗಾಯ ಯಾವದು? ಕ್ರಯವು ವರುಷ ವರುಷಕ್ಕೆ ಏರಿದ್ದೂ ಒಂದು ಸಾಕ್ಷಿಯೇ. ಯಾಕಂದರೆ ಮನಃಪೂರ್ವಕವಾಗಿ ಹೋಗುವವರು ಸಾಕಷ್ಟಿದ್ದರೆ ಕ್ರಯವನ್ನು ಏರಿಸುವ ಅವಶ್ಯವಿರಲಿಲ್ಲ.

ಆದದರಿಂದ ನಮ್ಮ ತೀರ್ಮಾನವು ಇದು. ತಾನು ನ್ಯಾಯವೆಂದು ನಂಬಿದ್ದಕ್ಕಾಗಿ ಮನುಷ್ಯನು ಪ್ರಾಣವನ್ನು ಕೊಡಬಹುದು. ಕೊಟ್ಟವನ ಮನೆಯನ್ನು ದೇಶವು ಸಾಕಲೇಬೇಕು. ಆದರೆ ಆ ಹಣವು ಋಣದ ಗುರುತೇ ಹೊರತು ಋಣ ತೀರಿದ ರಸೀದಿಯಲ್ಲ. ಕೊಟ್ಟೆವು, ಮುಗಿಯಿತು ಎಂದು ಹೇಳುವ ರಾಜ್ಯವು ಮನುಷ್ಯನನ್ನು ಸರಕಾಗಿ ಮಾಡಿತು.

ವಾಚಕರೇ, ಇದು ದೂರದ ದೇಶದ ಸಂಗತಿಯೆಂದು ಪುಟವನ್ನು ತಿರುವಿ ಹಾಕಬೇಡಿರಿ. ಪರದೇಶದ ಕೆಲಸವೆಂದು ದಲ್ಲಾಳಿಯು ನಿಮ್ಮ ಊರಿಗೂ ಬರಬಹುದು. ಸಂಬಳವೆಷ್ಟೆಂದು ಕೇಳುವ ಮೊದಲು ಕೆಲಸವೇನೆಂದು ಕೇಳಿರಿ. ಓದಲಾರದ ಕಾಗದಕ್ಕೆ ನಿಮ್ಮ ಮಕ್ಕಳು ರುಜು ಹಾಕದಂತೆ ನೋಡಿರಿ. ಮನೆಯಲ್ಲಿ ಸಾಲವಿದೆಯೆಂದು ಹುಡುಗನು ತಲೆತಗ್ಗಿಸಿ ಹೊರಟರೆ, ಆ ಸಾಲಕ್ಕೆ ಅವನ ಪ್ರಾಣವು ಈಡಲ್ಲವೆಂದು ತಂದೆಯೂ ತಾಯಿಯೂ ಬಾಯಿ ಬಿಟ್ಟು ಹೇಳಲಿ. ನೆರೆಯವರು ಆ ಸಾಲದಲ್ಲಿ ಸ್ವಲ್ಪವನ್ನಾದರೂ ಹಂಚಿಕೊಂಡರೆ, ಒಲ್ಲೆನೆನ್ನಲು ಅವನಿಗೆ ಸ್ಥಳವಾಗುವದು.