ಎತ್ತಿನ ಸೋಮವಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಸೀಮೆಯ ಯಾವ ಊರಿನ ಹೊರವಲಯಕ್ಕೆ ನಸುಕಿನಲ್ಲಿ ಹೋದರೂ ಓಡುವ ಹುಡುಗ ಹುಡುಗಿಯರು ಎದುರಾಗುತ್ತಾರೆ. ಬಹಳಷ್ಟು ಜನರ ಕಣ್ಣು ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ಮೇಲಿದೆ. ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಓಡಿ ಬಂದು, ಮೊಣಕಾಲಿಗೆ ಕೈಯೂರಿ, ಏದುಸಿರು ಬಿಡುತ್ತಲೇ ಕೇಳುತ್ತಾರೆ: “ಸರ್, ದಿನಕ್ಕ ಎಷ್ಟು ಕ್ಯಾಲೊರಿ ತಿನ್ಬೇಕ್ರೀ? ನಡುವೆ ಒಂದಿನ ಬಿಟ್ರ ಸ್ಟ್ಯಾಮಿನಾ ಹೋಗಿಬಿಡ್ತದೇನ್ರೀ?”

ಎರಡನೆಯ ಪ್ರಶ್ನೆಗೆ ಈ ನೆಲ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡಬಾರದು. ಅಮಾವಾಸ್ಯೆಗೂ ಅದೇ ಕಟ್ಟಳೆ. ಬಿತ್ತನೆಯ ಹದ ಬಂದಿರುತ್ತದೆ, ಇನ್ನೆರಡು ದಿನ ಬಿಸಿಲು ಬಿದ್ದರೆ ಮಸಾರಿ ನೆಲದ ಹಸಿ ಆರಿಹೋಗುತ್ತದೆ. ಆದರೂ ಹಿರಿಯರು ಅಂದು ಗಳೇ ಹೂಡುತ್ತಿರಲಿಲ್ಲ. ಎತ್ತಿನ ಮೈ ತೊಳೆದು ನೆರಳಿಗೆ ಕಟ್ಟುತ್ತಿದ್ದರು. ನನಗೆ ಇದರಲ್ಲಿ ಬಹಳ ದೊಡ್ಡದಾಗಿ ಕಾಣುವ ಸಂಗತಿ ಇನ್ನೊಂದಿದೆ: ದುಡಿಯದ ಆ ದಿನ ಎತ್ತಿನ ಮೇವನ್ನು ಯಾರೂ ಕಡಿಮೆ ಮಾಡುತ್ತಿರಲಿಲ್ಲ.

ಮೈಯೊಳಗಿನ ಕೆಲಸವೂ ಹೀಗೇ ನಡೆಯುತ್ತದೆ. ದಂಡ, ಬಸ್ಕಿ ಹೊಡೆದಾಗ, ಭಾರ ಎತ್ತಿದಾಗ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣದಾಗಿ ಹರಿಯುತ್ತವೆ. ಅವು ಮತ್ತೆ ಕೂಡಿ ಗಟ್ಟಿಯಾಗುವುದು ಮುಂದಿನ 24ರಿಂದ 48 ಗಂಟೆಗಳಲ್ಲಿ, ನಾವು ಉಂಡು ಮಲಗಿದಾಗ. ಖಾಲಿಯಾದ ಗ್ಲೈಕೋಜನ್ ತುಂಬಿಕೊಳ್ಳಲಿಕ್ಕೂ ಹೆಚ್ಚುಕಡಿಮೆ ಒಂದು ದಿನ ಬೇಕು. ಶಕ್ತಿ ಬೆಳೆಯುವುದು ಬಿಡುವಿನಲ್ಲಿ. ಹೊಸಬರು ಭಾರದ ವ್ಯಾಯಾಮವನ್ನು ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ ಮಾಡಿದರೆ ಸಾಕು. ವಾರದಲ್ಲಿ ಒಂದು ದಿನವಾದರೂ ಓಟಕ್ಕೂ ಪೂರ್ತಿ ರಜೆ ಇರಲಿ. ಒಂದು ದಿನ ಬಿಟ್ಟರೆ ಸ್ಟ್ಯಾಮಿನಾ ಎಲ್ಲಿಗೂ ಹೋಗುವುದಿಲ್ಲ.

ಇನ್ನು ಕ್ಯಾಲೊರಿ. 50 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯೊಂದರಲ್ಲಿ ಸುಮಾರು 170 ಕ್ಯಾಲೊರಿ. ಅಷ್ಟೇ ತೂಕದ ಅಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ರೊಟ್ಟಿ ಹೊತ್ತು ತಡೆಯುವುದು ಅದರ ನಾರಿನಿಂದ. ಒಂದು ಹಿಡಿ ಶೇಂಗಾ, ಅಂದರೆ 25 ಗ್ರಾಂ, ಸುಮಾರು 140. ಮಂಡಕ್ಕಿ ಹಗುರ, ಅದರ ಜೊತೆಗೆ ಬರುವ ಮೆಣಸಿನಕಾಯಿ ಕುಡಿದ ಎಣ್ಣೆ ಹಗುರವಲ್ಲ. ಎಣ್ಣೆಯ ಒಂದು ದೊಡ್ಡ ಚಮಚಕ್ಕೇ 120 ಆಗುತ್ತದೆ. ಈಗ ಓಟದ ಲೆಕ್ಕ ನೋಡಿ. 60 ಕಿಲೋ ತೂಕದ ಹುಡುಗ ಒಂದು ಕಿಲೋಮೀಟರ್ ಓಡಿದರೆ ಖರ್ಚಾಗುವುದು ಸುಮಾರು 60 ಕ್ಯಾಲೊರಿ. ಇಡೀ 1600 ಮೀಟರ್ ಓಡಿದರೂ ಒಂದು ರೊಟ್ಟಿ ಕರಗುವುದಿಲ್ಲ. ಓಟ ಇರುವುದು ಎದೆಯ ಉಸಿರಿಗೆ, ಕಾಲಿನ ಕಸುವಿಗೆ. ತಿಂದದ್ದಕ್ಕೆ ದಂಡ ಕಟ್ಟಿದ ಹಾಗೆ ಓಡುವ ಮಕ್ಕಳನ್ನು ಕಂಡರೆ ಸಂಕಟವಾಗುತ್ತದೆ.

ಅನ್ನವನ್ನು ತೂಗಿ ದುಡಿಮೆಯನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಈ ಭಾಗ ಬಹಳ ಕಷ್ಟದಿಂದ ಕಂಡಿದೆ. 1876–78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ತೀರಾ ನಲುಗಿದ ಜಿಲ್ಲೆಗಳಲ್ಲೊಂದು. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ ಕೂಲಿ ಎಂದು ಗೊತ್ತುಮಾಡಿದ. ಒಂದು ಪೌಂಡ್ ಎಂದರೆ 450 ಗ್ರಾಂ. ಇಂದಿನ ಕೋಷ್ಟಕ ಹಿಡಿದು ನೋಡಿದರೆ ಆ ಧಾನ್ಯದಲ್ಲಿದ್ದದ್ದು ಸುಮಾರು 1550 ಕ್ಯಾಲೊರಿ. ದಿನವಿಡೀ ಮಣ್ಣು ಕಲ್ಲು ಹೊರುವ ಮೈಗೆ ಅದು ಎಲ್ಲಿ ಸಾಕಾದೀತು? ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ ತರಕಾರಿ ಬೇಕು ಎಂದು ಹಟ ಹಿಡಿದರು. ಅದೇ ವರ್ಷ ಮದ್ರಾಸ್ ಸರ್ಕಾರ ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ಕಾಮಗಾರಿ ಮಾಡುತ್ತಲೇ ಸತ್ತವರು ಬಹಳ ಜನ.

ಇಂದು ಮೊಬೈಲಿನಲ್ಲಿ ಸಿಗುವ ಆಹಾರದ ಪಟ್ಟಿಗಳನ್ನು ಕಂಡಾಗಲೂ ನನಗೆ ಈ ತಕ್ಕಡಿ ನೆನಪಾಗುತ್ತದೆ. ಅವುಗಳಲ್ಲಿ ಬಹುಪಾಲು ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗಾಗಿ ಮಾಡಿದಂಥವು. ಕೊಟ್ಟೂರಿನ ಹತ್ತಿರದ ಹಳ್ಳಿಯ ಹುಡುಗಿ ಬೆಳಿಗ್ಗೆ ಓಡಿ ಬಂದು, ನೀರು ತುಂಬಿ, ಹತ್ತು ಗಂಟೆಯ ಹೊತ್ತಿಗೆ ಶೇಂಗಾ ಕೀಳಲು ಹೊಲದಲ್ಲಿರುತ್ತಾಳೆ. ಸಂಜೆ ಬೆನ್ನು ನೆಟ್ಟಗಾಗುವುದಿಲ್ಲ. ಆ ದಿನವನ್ನು ಪಟ್ಟಿ ‘ವಿಶ್ರಾಂತಿ ದಿನ’ ಎನ್ನುತ್ತದೆ, ಊಟವನ್ನೂ ಕಡಿತ ಮಾಡು ಎನ್ನುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆಯಿದೆ. ಇಂಥ ಕಡೆ ಊಟ ಕಡಿತದ ಮಾತು ಆಡುವ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಮೇಲು.

ಆದ್ದರಿಂದ ಲೆಕ್ಕ ಶುರುವಾಗುವುದಾದರೆ ದುಡಿಮೆಯಿಂದ ಶುರುವಾಗಲಿ. ನಿನ್ನೆ ಹೊಲದಲ್ಲಿ ಎಷ್ಟು ಹೊತ್ತು ಬಗ್ಗಿದ್ದೆ, ಎಷ್ಟು ಕೊಡ ನೀರು ಹೊತ್ತೆ, ಎಷ್ಟು ಗಂಟೆ ಮಲಗಿದೆ ಎಂಬುದನ್ನು ಒಂದು ವಾರ ಬರೆದಿಡಿ. ಶೇಂಗಾ ಕಿತ್ತ ದಿನ ಸಂಜೆಯ ವ್ಯಾಯಾಮ ಬೇಡ, ಅದು ಆಗಿಹೋಗಿದೆ. ರಾತ್ರಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ, ಕಾಳಿನ ಪಲ್ಯ ಚೆನ್ನಾಗಿ ಬಡಿಸಿಕೊಳ್ಳಿ. ಮನೆಯಲ್ಲಿ ನಸುಕಿಗೆದ್ದು ರೊಟ್ಟಿ ಬಡಿಯುವ ಅವ್ವನ ಪಾಲಿಗೆ ಯಾವ ಸೋಮವಾರ ಬರುತ್ತದೆ ಎಂದು ಆ ವಾರದ ಚೀಟಿಯಲ್ಲೇ ಒಂದು ಸಾಲು ಬರೆದುಕೊಳ್ಳಿ; ಓಟದ ರಜೆಯ ದಿನ ಒಲೆ ಹೊತ್ತಿಸುವುದು ನಿಮ್ಮ ಕೈಯಲ್ಲೇ ಇದೆ.