ಎಲ್ಲವೂ ಬದಲಾದ ಮೇಲೂ ಅದೇ ಬೈಕೇ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇವತ್ತಿಗೂ ಓಡುತ್ತಿವೆ. 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕರಿಗೂ ಗೇರಿಗೂ ಒಂದೇ ಲಿವರು. ಇಷ್ಟು ಕಾಲ ಓಡಿದ ಬೈಕಿನ ಸಿಲಿಂಡರು ಹಲವು ಸಲ ಬೋರ್ ಆಗಿರುತ್ತದೆ, ಓವರ್‌ಸೈಜ್ ಪಿಸ್ಟನ್ ಕೂತಿರುತ್ತದೆ, ಪಾಯಿಂಟ್ಸ್ ಹೋಗಿ ಸಿಡಿಐ ಬಂದಿರುತ್ತದೆ. ಅಷ್ಟಕ್ಕೇ ನಿಲ್ಲದೆ ಇನ್ನಷ್ಟು ಪವರ್ ಬೇಕೆಂದು ಪೋರ್ಟುಗಳನ್ನು ಅರದಿಂದ ಉಜ್ಜಿಸುವವರಿದ್ದಾರೆ; ತಿರುವಿನಲ್ಲಿ ಬೈಕು ಹಿಡಿತ ತಪ್ಪಬಾರದೆಂದು ಫೋರ್ಕು, ಶಾಕ್ ಅಬ್ಸಾರ್ಬರು ಬದಲಿಸುವವರಿದ್ದಾರೆ. ಹೀಗೆ ಒಂದೊಂದಾಗಿ ಎಲ್ಲವೂ ಬದಲಾದ ಮೇಲೆ ಅದು ಅದೇ ಬೈಕೇ? ಗ್ಯಾರೇಜಿನ ಹರಟೆ ಎಂದು ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇದರ ಉತ್ತರವನ್ನು ಎರಡು ಸಾವಿರ ವರ್ಷಗಳಿಂದ ಹುಡುಕುತ್ತ ಬಂದ ಒಂದು ಪರಂಪರೆ ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲೇ ಇದೆ. ಅಲ್ಲಿನ ಟಿಬೆಟಿಯನ್ ಕ್ಯಾಂಪಿನ ಝೋಗ್‌ಚೆನ್ ಮಠ ಆ ಪರಂಪರೆಗೆ ಸೇರಿದ್ದು.

ಯವನ ದೊರೆ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದ ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿದೆ. ದೊರೆ ಬಂದದ್ದು ರಥದಲ್ಲಿ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಭಿಕ್ಷು ಕೇಳುತ್ತ ಹೋಗುತ್ತಾನೆ. ದೊರೆ ಪ್ರತಿಯೊಂದಕ್ಕೂ ಅಲ್ಲ ಎನ್ನುತ್ತಾನೆ. ಕೊನೆಗೆ ಒಪ್ಪಿಗೆಯಾಗುವುದು ಇಷ್ಟು: ಈ ಭಾಗಗಳನ್ನು ಆಶ್ರಯಿಸಿ ನಾವು ಇಟ್ಟುಕೊಂಡ ವ್ಯವಹಾರದ ಹೆಸರೇ ರಥ, ಮನುಷ್ಯನ ‘ನಾನು’ ಕೂಡ ಹಾಗೆಯೇ. ಏಳನೆಯ ಶತಮಾನದ ಚಂದ್ರಕೀರ್ತಿ ಇದನ್ನು ಇನ್ನೂ ಬಿಗಿಮಾಡಿದ. ರಥವು ತನ್ನ ಭಾಗಗಳೇ ಅಲ್ಲ, ಅವುಗಳಿಂದ ಬೇರೆಯೂ ಅಲ್ಲ. ಅದು ಭಾಗಗಳ ಒಡೆಯನಲ್ಲ. ಭಾಗಗಳಲ್ಲಿ ಅದಿಲ್ಲ, ಅದರಲ್ಲಿ ಭಾಗಗಳಿಲ್ಲ. ಭಾಗಗಳ ಬರಿಯ ರಾಶಿಯೂ ಅದಲ್ಲ, ಅವುಗಳ ಆಕಾರವೂ ಅಲ್ಲ. ಏಳು ಬಗೆಯಲ್ಲಿ ಹುಡುಕಿದರೂ ರಥ ಸಿಗುವುದಿಲ್ಲ, ಆದರೂ ಅದರ ಮೇಲೆ ಕೂತು ಊರು ಸೇರಬಹುದು. ಈ ತರ್ಕ ಹಳೆಯ ಬೈಕಿಗೆ ಪೂರ್ತಿ ಒಪ್ಪುತ್ತದೆ ಎಂಬುದು ನನ್ನ ವಾದ. ಇದರಿಂದ ಬೈಕು ಬದಲಿಸುವವನ ಹೊಣೆ ಹಗುರವಾಗುವುದಿಲ್ಲ, ಭಾರವಾಗುತ್ತದೆ ಎಂಬುದು ಅದರ ಮುಖ್ಯ ಭಾಗ.

ಸಾಕ್ಷ್ಯವನ್ನು ಎಂಜಿನ್ನಿನಲ್ಲೇ ನೋಡಬಹುದು. ಟೂ-ಸ್ಟ್ರೋಕ್ ಸಿಲಿಂಡರಿನ ಎಕ್ಸಾಸ್ಟ್ ಪೋರ್ಟನ್ನು ಒಂದಿಷ್ಟು ಮೇಲಕ್ಕೆ ಉಜ್ಜಿದರೆ ಹೊಗೆ ಬೇಗ ಹೊರಬೀಳುತ್ತದೆ, ಎಂಜಿನ್ ಜೋರಾಗಿ ತಿರುಗುವಾಗ ಪವರ್ ಏರುತ್ತದೆ. ಆದರೆ ಆ ಪವರ್ ಕೆಳಗಿನಿಂದ ಕಿತ್ತುಕೊಂಡದ್ದು. ನಿಧಾನವಾಗಿ ಏರು ಹತ್ತುವಾಗ ಇದ್ದ ಎಳೆತ ಸೊರಗುತ್ತದೆ, ಗೇರು ಇಳಿಸಬೇಕಾಗುತ್ತದೆ. ಪೋರ್ಟಿನ ಅಗಲ ಹೆಚ್ಚಾದರೆ ಪಿಸ್ಟನ್ ರಿಂಗು ಅದರ ಅಂಚಿಗೆ ಸಿಕ್ಕಿ ಮುರಿಯುವ ಭಯ. ಹೆಡ್ ತೆಗೆದು ಲೇತಿನಲ್ಲಿ ತುಸು ಕೊರೆಸಿ ಕಂಪ್ರೆಷನ್ ಏರಿಸಿದರೆ ಬಿಸಿ ಹೆಚ್ಚುತ್ತದೆ. ಕಾರ್ಬ್ಯುರೇಟರಿನ ಜೆಟ್, ಇಗ್ನಿಷನ್ ಟೈಮಿಂಗ್, ಪೆಟ್ರೋಲಿಗೆ ಬೆರೆಸುವ ಆಯಿಲ್ ಇವೆಲ್ಲವನ್ನೂ ಅದಕ್ಕೆ ಹೊಂದಿಸದಿದ್ದರೆ ಪಿಸ್ಟನ್ ಸೀಜ್ ಆಗುತ್ತದೆ. ಪವರ್ ಏರಿದ ಮೇಲೆ ಕ್ಲಚ್ ಜಾರತೊಡಗುತ್ತದೆ, ಹಳೆಯ ಡ್ರಮ್ ಬ್ರೇಕು ಸಾಲದು ಎನ್ನಿಸುತ್ತದೆ, ಸವೆದ ಸ್ವಿಂಗ್ ಆರ್ಮ್ ಬುಷ್ಷು ಆವರೆಗೆ ಅಡಗಿಸಿಟ್ಟಿದ್ದ ಅಲುಗಾಟವನ್ನು ತಿರುವಿನಲ್ಲಿ ತೋರಿಸುತ್ತದೆ. ಬೈಕಿನ ಒಂದೇ ಒಂದು ಭಾಗವೂ ತಾನೊಂದೇ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬೌದ್ಧರು ಪ್ರತೀತ್ಯಸಮುತ್ಪಾದ ಎನ್ನುವುದು ಇದನ್ನೇ: ಯಾವುದೂ ಸ್ವಂತ ಬಲದಿಂದ ನಿಂತಿಲ್ಲ, ಪ್ರತಿಯೊಂದೂ ಇನ್ನೊಂದನ್ನು ಆಧರಿಸಿ ಇದೆ. ಕಂಪನಿಗಳೂ ಈ ನಿಯಮಕ್ಕೆ ತಲೆಬಾಗಿವೆ. ರಾಯಲ್ ಎನ್‌ಫೀಲ್ಡ್‌ನ ಹಳೆಯ 350 ಬುಲೆಟ್ಟಿನ ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90. ಅದೇ 90ರ ಸ್ಟ್ರೋಕ್ ಇಟ್ಟುಕೊಂಡು ಬೋರನ್ನು 84ಕ್ಕೆ ಏರಿಸಿದಾಗ 500 ಸಿಸಿ ಆಯಿತು, 87ಕ್ಕೆ ಏರಿಸಿದಾಗ 535. ಆದರೆ 2013ರಲ್ಲಿ ಆ 535ರ ಎಂಜಿನ್ ಕಾಂಟಿನೆಂಟಲ್ ಜಿಟಿಯಲ್ಲಿ ಬಂದಾಗ ಹಳೆಯ ಚಾಸಿಯ ಮೇಲೆ ಕೂರಲಿಲ್ಲ. ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ವಿನ್ಯಾಸ ಮಾಡಿದ ಹೊಸ ಚಾಸಿ ಬಂತು, ಡಿಸ್ಕ್ ಬ್ರೇಕು ಬಂತು.

ಇದಕ್ಕೆ ಮೊದಲ ಆಕ್ಷೇಪ ಬರುವುದು ‘ಒರಿಜಿನಲ್’ ಬೈಕಿನ ಆರಾಧಕರಿಂದ. ಕಾರ್ಖಾನೆಯಿಂದ ಬಂದ ರೂಪವೇ ಬೈಕಿನ ಸತ್ವ, ಅದನ್ನು ಮುಟ್ಟಿದರೆ ಬೈಕು ಸತ್ತಂತೆ ಎನ್ನುತ್ತಾರೆ ಅವರು. ಅವರ ಬೆನ್ನಿಗೆ ನಿಲ್ಲಬಲ್ಲ ದರ್ಶನವೂ ಉಂಟು. ಅವಯವಗಳಿಗಿಂತ ಬೇರೆಯಾದ ‘ಅವಯವಿ’ ಎಂಬ ನಿಜವಾದ ವಸ್ತು ಇದೆ ಎಂದು ನೈಯಾಯಿಕರು ವಾದಿಸಿದರು. ಆದರೆ ಅದೇ ನೈಯಾಯಿಕರ ಪ್ರಕಾರ ಒಂದು ಅವಯವ ಹೋಗಿ ಇನ್ನೊಂದು ಬಂದರೆ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ. ಹಾಗಾದರೆ ಮೊದಲ ಸ್ಪಾರ್ಕ್ ಪ್ಲಗ್ ಬದಲಿಸಿದ ದಿನವೇ ಒರಿಜಿನಲ್ ಬೈಕು ತೀರಿಹೋಯಿತು, ಇನ್ನು ಕಾಪಾಡಲು ಏನೂ ಉಳಿದಿಲ್ಲ. ಜೈನರ ಉತ್ತರ ನನಗೆ ಇದಕ್ಕಿಂತ ಗಟ್ಟಿ ಎನ್ನಿಸುತ್ತದೆ. ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿಯೊಂದಿಗೆ ಪರಂಪರೆ ಜೋಡಿಸುವ ಪೂಜ್ಯಪಾದರು ತತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದವರು. ಇರುವಿಕೆ ಎಂದರೆ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೆ ಎಂಬುದು ಆ ಸೂತ್ರದ ನಿಲುವು. ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಇದಕ್ಕೊಂದು ಉದಾಹರಣೆ ಕೊಡುತ್ತಾರೆ. ಚಿನ್ನದ ಕೊಡ ಮುರಿದು ಕಿರೀಟ ಮಾಡಿದರೆ ಕೊಡ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಿದ್ದವನು ಸುಮ್ಮನಿರುತ್ತಾನೆ. ಬದಲಾದ ಯೆಜ್ಡಿಯ ಮುಂದೆಯೂ ಈ ಮೂವರೂ ನಿಲ್ಲುತ್ತಾರೆ; ಮೂವರೂ ಕಂಡದ್ದು ನಿಜವೇ. ನಾನು ಬೌದ್ಧರ ಕಡೆ ವಾಲುವುದು ಒಂದೇ ಕಾರಣಕ್ಕೆ. ಕೊಡದಲ್ಲೂ ಕಿರೀಟದಲ್ಲೂ ಚಿನ್ನ ಉಳಿಯುತ್ತದೆ, ನೂರು ಬಗೆಯ ಲೋಹ, ರಬ್ಬರುಗಳ ಬೈಕಿನಲ್ಲಿ ಹಾಗೆ ಕೊನೆಯವರೆಗೂ ಉಳಿಯುವ ಒಂದು ದ್ರವ್ಯವನ್ನು ತೋರಿಸಲಾಗದು.

ಹೆಸರೊಂದೇ ಉಳಿಯುವುದಾದರೆ ಹೆಸರಿಗೇನು ಬೆಲೆ ಎಂದು ಕೇಳಬಹುದು. ಬೆಲೆ ಇದೆ. ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ತನಕ ಹೋಯಿತು. 2022ರಲ್ಲಿ ಹೊಸ ಕಂಪನಿಯೊಂದು ಆ ಹೆಸರಿನ ಬೈಕುಗಳನ್ನು ರಸ್ತೆಗಿಳಿಸಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ, ಹೆಸರು ಮುಚ್ಚಿಹೋದ ಐಡಿಯಲ್ ಜಾವಾದ್ದೇ ಎಂದು ತೀರ್ಪಿತ್ತಿತು, ಅದರ ಮೇಲೆ ಮೇಲ್ಮನವಿ ಹೋಯಿತು. ಇಡೀ ಕಾರ್ಖಾನೆ ಇಲ್ಲವಾದ ಮೇಲೂ ಹೆಸರು ಸಂಬಂಧಗಳನ್ನು, ಸಾಲಗಳನ್ನು, ಹಕ್ಕುಗಳನ್ನು ಹೊತ್ತು ನಿಂತಿದೆ. ಒಡೆಯರಪಾಳ್ಯದ ಮಠವನ್ನೇ ನೋಡಿ. ಮೂಲ ಝೋಗ್‌ಚೆನ್ ಮಠ 17ನೆಯ ಶತಮಾನದಲ್ಲಿ ಟಿಬೆಟಿನ ಖಾಮ್ ಪ್ರಾಂತ್ಯದಲ್ಲಿ ಹುಟ್ಟಿದ್ದು. ಅದು ನಾಶವಾದ ಮೇಲೆ, ನಿರಾಶ್ರಿತರಾಗಿ ಬಂದವರು ಕೊಳ್ಳೇಗಾಲದ ಈ ಕಾಡಂಚಿನಲ್ಲಿ ಅದನ್ನು ಮತ್ತೆ ಕಟ್ಟಿದರು. 1992ರಲ್ಲಿ ದಲೈ ಲಾಮಾ ಅದನ್ನು ಉದ್ಘಾಟಿಸಿದರು. ಖಾಮ್‌ನಲ್ಲೂ ಮಠ ಮತ್ತೆ ಎದ್ದು ನಿಂತಿದೆ. ಒಡೆಯರಪಾಳ್ಯದಲ್ಲಿ ಹಳೆಯ ಗೋಡೆಯ ಒಂದು ಕಲ್ಲೂ ಇಲ್ಲ. ಪಾಠ, ಪೂಜೆ, ಗುರುಪರಂಪರೆ ಮುಂದುವರಿದಿವೆ. ಅದು ಅದೇ ಮಠ ಎನ್ನಲು ನನಗೆ ಅಷ್ಟು ಸಾಕು.

ಬೌದ್ಧರ ಕಡೆಯಿಂದಲೇ ಏಳುವ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಇನ್ನಷ್ಟು ಪವರ್ ಬೇಕೆಂಬುದು ತೃಷ್ಣೆಯಲ್ಲವೇ? ದುಃಖದ ಬೇರು ಎಂದು ಬುದ್ಧ ತೋರಿಸಿದ್ದು ಅದನ್ನೇ ಅಲ್ಲವೇ? ಬಹುಮಟ್ಟಿಗೆ ಹೌದು. 70ರ ಬೋರು 84 ಆದವನಿಗೆ 87ರ ಆಸೆ ಹುಟ್ಟುತ್ತದೆ. ಆದರೆ ಬದಲಾವಣೆಗಳೆಲ್ಲ ಒಂದೇ ಬಗೆಯವಲ್ಲ. ಒಡೆಯರಪಾಳ್ಯದಿಂದ ಹಾಸನೂರಿನ ಕಡೆ ಹೋಗಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿಯುವವನಿಗೆ, ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟ ಹತ್ತುವವನಿಗೆ ಬಿಗಿಯಾದ ಬುಷ್ಷು, ಸರಿಯಾದ ಫೋರ್ಕ್ ಆಯಿಲ್, ಹಿಡಿಯುವ ಬ್ರೇಕು ಆಸೆಯ ವಸ್ತುಗಳಲ್ಲ. ಅವು ಎದುರಿನಿಂದ ಬರುವ ಬಸ್ಸಿನವರ, ಪಾದಯಾತ್ರೆಯ ಭಕ್ತರ, ಕಾಡಂಚಿನಲ್ಲಿ ರಸ್ತೆ ದಾಟುವ ಪ್ರಾಣಿಗಳ ಜೀವಕ್ಕೆ ಸಂಬಂಧಿಸಿದವು. ಅವರ ಜೀವವೂ ನನ್ನ ಬೈಕನ್ನು ಆಧರಿಸಿದೆ ಎಂಬುದು ಪ್ರತೀತ್ಯಸಮುತ್ಪಾದವನ್ನು ಒಪ್ಪಿದವನು ತಪ್ಪಿಸಿಕೊಳ್ಳಲಾಗದ ಮಾತು. ವಸ್ತುವಿಗೆ ಸತ್ವವಿಲ್ಲವಾದ್ದರಿಂದ ಏನು ಬೇಕಾದರೂ ಮಾಡಬಹುದು ಎಂಬುದು ಶೂನ್ಯವಾದವನ್ನು ಅರ್ಧಕ್ಕೇ ಕೇಳಿ ಎದ್ದುಹೋದವರ ಮಾತು.

ಕಾನೂನೂ ತನ್ನ ಬಗೆಯಲ್ಲಿ ಇದೇ ಹೊಣೆಯನ್ನು ಹೇಳುತ್ತದೆ. ಆರ್‌ಸಿಯಲ್ಲಿ ಬರೆದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆಯುತ್ತದೆ. ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. ಹಳೆಯ ಬೈಕನ್ನು ಪ್ರೀತಿಸಿ ಬದಲಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲು ಬ್ರೇಕು, ಬುಷ್ಷು, ಟೈರು ಸರಿಮಾಡಿಸಿ. ಬೋರಿನ ಮಾತು ಆಮೇಲೆ. ಅದಕ್ಕೆ ಕೈಹಾಕುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.