ಮುದುಕರನ್ನು ಸುಮ್ಮನಿರಿಸುವ ಗುಳಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ತಾಲೂಕುಗಳ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ವೃದ್ಧರನ್ನು ಸಂಧಿಸುವದು ನಮ್ಮ ಕೆಲಸಗಳಲ್ಲಿ ಒಂದಾಗಿರುತ್ತದೆ. ಹೀಗೆ ಹೋಗುವಲ್ಲಿ ಕೆಲವು ವರುಷಗಳಿಂದ ಒಂದು ಹೊಸ ಸಂಗತಿಯನ್ನು ಕಾಣುತ್ತಾ ಬಂದಿದ್ದೇವೆ. ಮುಂಚೆ ಮುದುಕರ ತಲೆದಿಂಬಿನ ಬಳಿಯಲ್ಲಿ ಎಲೆಯಡಿಕೆಯ ಚೀಲವೂ ನೀರಿನ ತಂಬಿಗೆಯೂ ಇರುತ್ತಿದ್ದವು. ಈಗ ಅವುಗಳ ಸಂಗಡ ಅರ್ಧ ಹರಿದ ಗುಳಿಗೆಯ ಪಟ್ಟಿಯೊಂದು ಇರುತ್ತದೆ. ಇದು ಯಾತಕ್ಕೆಂದು ಕೇಳಿದರೆ, "ಸುಮ್ಮನಿರಲಿಕ್ಕೆ" ಎಂದು ಮನೆಯವರು ಉತ್ತರ ಕೊಡುತ್ತಾರೆ. ಸಕ್ಕರೆಯ ಗುಳಿಗೆ, ಬಿ.ಪಿ. ಗುಳಿಗೆ ಎಂದು ಪ್ರತಿಯೊಂದನ್ನು ರೋಗದ ಹೆಸರಿನಿಂದ ಕರೆಯುವ ನಮ್ಮ ಜನರು ಇದೊಂದಕ್ಕೆ ಮಾತ್ರ ರೋಗದ ಹೆಸರು ಹೇಳುವದಿಲ್ಲ. ಹಾಗಾದರೆ ಈ ಔಷಧವು ಯಾರ ರೋಗಕ್ಕೆ, ಯಾರ ಸುಖಕ್ಕೆ ಕೊಡಲ್ಪಡುತ್ತದೆ? ಇದೇ ಈ ತಿಂಗಳು ನಾವು ವಿಚಾರಿಸಬೇಕೆಂದಿರುವ ಪ್ರಶ್ನೆ.

ನಾವು ಕಣ್ಣಾರೆ ಕಂಡದ್ದನ್ನೂ ನಮ್ಮಿಂದಲೇ ಆದ ತಪ್ಪನ್ನೂ ಮೊದಲು ಹೇಳುವೆವು. ಹಿಂದೆ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟೆ ಕಟ್ಟುವದಕ್ಕೆ ೧೯೬೪ರಲ್ಲಿ ಅಡಿಗಲ್ಲು ಹಾಕಿದರು. ೨೦೦೫ರಲ್ಲಿ ಆ ಕೆಲಸವು ಮುಗಿಯಿತು. ನೀರು ಏರಿದ ಹಾಗೆ ದಂಡೆಯ ಊರುಗಳು ಮುಳುಗಿ, ಜನರು ಎತ್ತರದಲ್ಲಿ ಅಳೆದುಕೊಟ್ಟ ಹೊಸ ಊರುಗಳಿಗೆ ಹೋದರು. ಅಂಥ ಒಂದು ಊರಿನಲ್ಲಿ ಎಂಭತ್ತರ ಸಮೀಪದ ಒಬ್ಬ ತಾಯಿ ಇದ್ದಾಳೆ. ಅವಳಿಗೆ ಮರೆವಿನ ರೋಗ ಹತ್ತಿತು. ಈ ರೋಗದಲ್ಲಿ ಹೊಸದು ಮೊದಲು ಅಳಿಯುತ್ತದೆ, ಹಳೆಯದು ಬಹಳ ಕಾಲ ನಿಲ್ಲುತ್ತದೆ. ಆದಕಾರಣ ಅವಳ ಮನಸ್ಸಿನಲ್ಲಿ ಹೊಸ ಊರು ಅಳಿದುಹೋಗಿ, ನೀರಿನ ಕೆಳಗಿರುವ ಊರೇ ನಿಂತುಕೊಂಡಿತು. ದಿನಾಲು ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಟು ಕಟ್ಟಿಕೊಂಡು, "ಮನೆಗೆ ಹೋಗಬೇಕು, ಎಮ್ಮೆ ಹಿಂಡುವ ಹೊತ್ತಾಯಿತು" ಎಂದು ಬಾಗಲಿಗೆ ಬರುವಳು. ತಡೆದರೆ ಕೂಗುವಳು, ಹೊಡೆಯುವಳು. ಮಗನು ಕಬ್ಬು ಕಡಿಯಲಿಕ್ಕೆ ಮಹಾರಾಷ್ಟ್ರಕ್ಕೆ ಹೋಗಿದ್ದನು. ಮನೆಯಲ್ಲಿ ಸೊಸೆ ಒಬ್ಬಳೇ, ಎರಡು ಮಕ್ಕಳು. ಅವಳು ನಮ್ಮ ಮುಂದೆ ಅತ್ತಾಗ, ಬೇರೆ ಊರಿನ ಒಬ್ಬ ಮುದುಕನಿಗೆ ಇಂಥ ಗುಳಿಗೆಯಿಂದ ಗುಣವಾಯಿತಂತೆ, ನೀವೂ ತಂದು ನೋಡಿರಿ ಎಂದು ಹೇಳಿದವರು ನಾವೇ. ವೈದ್ಯರ ಚೀಟಿ ಇಲ್ಲದೆ ಒಂದು ಅಂಗಡಿಯಲ್ಲಿ ಅದು ಸಿಕ್ಕಿತು.

ಎರಡೇ ದಿವಸಗಳಲ್ಲಿ ಮನೆ ಶಾಂತವಾಯಿತು. ನಾವು ಹೋದಾಗ ಆ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಪ್ರಾರ್ಥನೆ ಮುಗಿಯುವ ವರೆಗೆ ಒಂದು ಮಾತೂ ಆಡಲಿಲ್ಲ. ನಮಗೆ ಸಂತೋಷವಾಯಿತೆಂದು ಬರೆಯಲಿಕ್ಕೆ ಈಗ ನಾಚಿಕೆಯಾಗುತ್ತದೆ. ಒಂದು ತಿಂಗಳಲ್ಲಿ ಅವಳ ಕೈಕಾಲು ಮರದ ಹಾಗೆ ಬಿಗಿದವು. ಬಾಯಿಂದ ಜೊಲ್ಲು ಸುರಿಯಿತು. ರೊಟ್ಟಿ ನುಂಗುವಾಗ ಗಂಟಲಿಗೆ ಸಿಕ್ಕಿತು. ಕಡೆಗೆ ಹೊಸ್ತಿಲಲ್ಲಿ ಬಿದ್ದು ಹಣೆ ಒಡೆಯಿತು. ಆಗಲೇ ಅವಳನ್ನು ತಾಲೂಕಿನ ಆಸ್ಪತ್ರೆಗೆ ಒಯ್ದರು.

ಈ ಜಾತಿಯ ಔಷಧಗಳು ಹುಟ್ಟಿದ್ದು ಮುದುಕರಿಗೋಸ್ಕರವಲ್ಲ. ೧೯೫೨ರಲ್ಲಿ ಪ್ಯಾರಿಸ್ ಪಟ್ಟಣದ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬದನ್ನು ಘೋರವಾದ ಚಿತ್ತಭ್ರಮೆಯುಳ್ಳವರಿಗೆ ಕೊಟ್ಟು ನೋಡಿದರು. ೧೯೫೮ರಲ್ಲಿ ಬೆಲ್ಜಿಯಮ್ ದೇಶದಲ್ಲಿ ಹ್ಯಾಲೊಪೆರಿಡಾಲ್ ಸಿದ್ಧವಾಯಿತು. ತರುವಾಯ ರಿಸ್ಪೆರಿಡೋನ್, ಓಲಾಂಜಪೈನ್, ಕ್ವೆಟಿಯಾಪಿನ್ ಮೊದಲಾದವು ಬಂದವು. ಸಂಕೋಲೆಗಳಲ್ಲಿದ್ದ ಎಷ್ಟೋ ಜನರು ಇವುಗಳಿಂದ ಮನೆಗೆ ತಿರಿಗಿ ಬಂದರೆಂಬದನ್ನು ನಾವು ಮರೆಯಬಾರದು. ಆದರೆ ಮುಪ್ಪಿನ ಮರೆವಿಗೆ ಇವು ಮದ್ದಲ್ಲ. ಮರೆತದ್ದನ್ನು ಇವು ತಿರಿಗಿ ತರುವದಿಲ್ಲ. ೨೦೦೫ರಲ್ಲಿ ಅಮೇರಿಕದ ಔಷಧ ಇಲಾಖೆಯು ೧೭ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ ಒಂದು ಎಚ್ಚರಿಕೆಯನ್ನು ಪ್ರಕಟಿಸಿತು. ಮರೆವಿನ ರೋಗವುಳ್ಳ ವೃದ್ಧರಲ್ಲಿ, ಸುಮಾರು ಹತ್ತು ವಾರಗಳೊಳಗೆ, ಔಷಧವಿಲ್ಲದ ಹುಸಿ ಗುಳಿಗೆ ತಕ್ಕೊಂಡವರು ಸಾವಿರಕ್ಕೆ ಸುಮಾರು ೨೬ ಮಂದಿ ಸತ್ತರೆ, ಈ ಔಷಧ ತಕ್ಕೊಂಡವರು ಸಾವಿರಕ್ಕೆ ಸುಮಾರು ೪೫ ಮಂದಿ ಸತ್ತರು. ಹಳೆಯ ಜಾತಿಯ ಗುಳಿಗೆಗಳಿಗೂ ಇದೇ ಎಚ್ಚರಿಕೆಯನ್ನು ೨೦೦೮ರಲ್ಲಿ ಹಚ್ಚಿದರು. ಇಂಗ್ಲಂಡದ ಸರಕಾರಕ್ಕೆ ೨೦೦೯ರಲ್ಲಿ ಒಪ್ಪಿಸಲ್ಪಟ್ಟ ವರದಿಯ ಪ್ರಕಾರ, ಮರೆವಿನ ರೋಗದವರಲ್ಲಿ ವರುಷಕ್ಕೆ ಸುಮಾರು ೧,೮೦,೦೦೦ ಮಂದಿಗೆ ಇವುಗಳನ್ನು ಕೊಡುತ್ತಿದ್ದರು. ಏನಾದರೂ ಪ್ರಯೋಜನ ಹೊಂದಿದವರು ೩೬,೦೦೦ ಮಂದಿ ಮಾತ್ರ.

ಇದು ದೊಡ್ಡ ದೇಶಗಳ ಲೆಕ್ಕ, ನಮಗೇನು ಎಂದು ಯಾರಾದರೂ ಹೇಳಬಹುದು. ಭಾರತದಲ್ಲಿ ಅರವತ್ತು ದಾಟಿದವರೊಳಗೆ ನೂರಕ್ಕೆ ಏಳಕ್ಕಿಂತ ಹೆಚ್ಚು ಜನರಿಗೆ ಮರೆವಿನ ರೋಗವಿದೆ ಎಂದು ೨೦೨೩ರಲ್ಲಿ ಪ್ರಕಟವಾದ ಗಣನೆಯಿಂದ ತಿಳಿದುಬಂದಿದೆ. ಅವರ ಆರೈಕೆ ನಡೆಯುವದು ಬಹುಶಃ ಮನೆಯಲ್ಲಿಯೇ. ಪಟ್ಟಣಗಳಲ್ಲಿ ಸಂಬಳ ತಕ್ಕೊಂಡು ಮನೆಗೆ ಬಂದು ಆರೈಕೆ ಮಾಡುವವರಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಆ ಉದ್ಯೋಗದ ಹೆಸರು ಸೊಸೆ. ಅದಲ್ಲದೆ ಈ ಔಷಧಗಳು ಮೈಯ ಕಾವನ್ನು ತಣಿಸಿಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತವೆ. ಇಂಡಿಯ ಕಡೆಗೆ ಮೇ ತಿಂಗಳಲ್ಲಿ ನಾಲ್ವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ನೀರು ಬೇಕೆಂದು ಕೇಳಲಾರದಷ್ಟು ಮಂಕು ಹಿಡಿದು ಮಲಗಿರುವ ಮುದುಕನ ಗತಿ ಏನಾದೀತು?

ಆ ಸೊಸೆಯನ್ನು ನಾವು ದೂಷಿಸುವದಿಲ್ಲ. ಹಗಲೆಲ್ಲಾ ತೊಗರಿಯ ಹೊಲದಲ್ಲಿ ಕೂಲಿ ಮಾಡಿ, ರಾತ್ರಿಯೆಲ್ಲಾ ಬಾಗಲು ಕಾಯುವವಳಿಗೆ ನಿದ್ರೆ ಬೇಕು. ಅವಳ ನಿದ್ರೆಯೂ ದೇವರು ಕೊಟ್ಟದ್ದೇ. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನಾವು ಸಭೆಯಲ್ಲಿ ಓದುವಾಗ, ಗಂಡಸರು ತಲೆಯಾಡಿಸುತ್ತಾರೆ. ಆದರೆ ಆ ಆಜ್ಞೆಯನ್ನು ಮನೆಯಲ್ಲಿ ಕೈಕೊಳ್ಳುವದು ಹೆಂಗಸರ ಪಾಲಿಗೆ ಬಿಟ್ಟಿರುತ್ತದೆ. ಅವಳು ನಿದ್ರೆಯನ್ನು ಬಯಸಿದ್ದು ತಪ್ಪಲ್ಲ. ಅವಳ ಕಷ್ಟಕ್ಕೆ ನೆರೆಯವರಾಗಲಿ ಉಪದೇಶಿಯಾಗಲಿ ಬಾರದೆ, ಗುಳಿಗೆಯೊಂದೇ ಬಂದದ್ದು ತಪ್ಪು.

ಹಾಗಾದರೆ ಒಬ್ಬರ ನೆಮ್ಮದಿಗೋಸ್ಕರ ಇನ್ನೊಬ್ಬರನ್ನು ಔಷಧದಿಂದ ಸುಮ್ಮನಿರಿಸುವದು ಎಂದಿಗೂ ಸಲ್ಲದೋ? ನಾವು ಬಹಳ ಆಲೋಚಿಸಿದೆವು. ಎಂದಿಗೂ ಸಲ್ಲದೆಂದು ಹೇಳಲಾರೆವು. ಸಿಂದಗಿಯ ಕಡೆಯ ಒಬ್ಬ ಮುದುಕನು ಮಾಡಿನಲ್ಲಿ ಹಾವುಗಳನ್ನು ಕಂಡು ರಾತ್ರಿಯೆಲ್ಲಾ ನಡುಗುತ್ತಿದ್ದನು. ಮಗನು ಅನ್ನದಲ್ಲಿ ವಿಷ ಹಾಕಿದ್ದಾನೆಂದು ಉಪವಾಸ ಬಿದ್ದು, ಒಂದು ದಿನ ಕುಡುಗೋಲು ಎತ್ತಿದನು. ಅವನಿಗೆ ವೈದ್ಯರು ಸ್ವಲ್ಪ ಪ್ರಮಾಣದ ಔಷಧ ಕೊಟ್ಟಾಗ ಅವನು ಉಂಡನು, ಮಲಗಿದನು. ಅಲ್ಲಿ ಸಂಕಟಪಟ್ಟವನು ಮುದುಕನೇ. ಔಷಧವು ಅವನಿಗೇ ದಯೆಯಾಯಿತು. ಇಂಥಲ್ಲಿಯೂ ಅತ್ಯಲ್ಪ ಪ್ರಮಾಣದಿಂದ, ಕೆಲವು ಕಾಲಕ್ಕೆ ಮಾತ್ರ ಕೊಟ್ಟು, ಆರು ವಾರಕ್ಕೊಮ್ಮೆಯಾದರೂ ಇನ್ನೂ ಬೇಕೋ ಎಂದು ನೋಡತಕ್ಕದ್ದೆಂದು ವೈದ್ಯಶಾಸ್ತ್ರದ ನಿಯಮ. ಮರೆವಿನಲ್ಲಿಯೇ ಒಂದು ಜಾತಿಯುಂಟು, ಅದರಲ್ಲಿ ಇಲ್ಲದ ಮನುಷ್ಯರೂ ಪ್ರಾಣಿಗಳೂ ಕಾಣಿಸಿ ಮೈ ಬಿಗಿಯುತ್ತದೆ. ಅಂಥವರಿಗೆ ಈ ಔಷಧವು ಪ್ರಾಣಾಪಾಯವನ್ನೇ ತರಬಹುದು. ಆದದರಿಂದ ಅಂಗಡಿಯವನು ಊಹಿಸಿ ಕೊಡತಕ್ಕದ್ದಲ್ಲ. ಇವುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಾನೂನೂ ಹೇಳುತ್ತದೆ.

ನಮಗೆ ತೋಚಿದ ಪರೀಕ್ಷೆ ಇದು: ಈ ಮನೆಯಲ್ಲಿ ಇನ್ನೆರಡು ಕೈಗಳಿದ್ದರೆ ಈ ಗುಳಿಗೆ ಬೇಕಾಗುತ್ತಿತ್ತೋ? ಬೇಕಾಗುತ್ತಿರಲಿಲ್ಲವಾದರೆ ಕೊರತೆಯಾದದ್ದು ಕೈಗಳು; ಔಷಧವಲ್ಲ.

ಇನ್ನೊಂದು ಮಾತು. ಗುಳಿಗೆಯನ್ನು ಪುಡಿಮಾಡಿ ಅಂಬಲಿಯಲ್ಲಿ ಕಲಸಿ ಕೊಡುವದು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿದೆ. ಅದನ್ನು ಜಾಣತನವೆಂದು ಎಣಿಸುತ್ತಾರೆ. ಕಣ್ಣು ಮಬ್ಬಾದ ಇಸಾಕನ ಮುಂದೆ ಮಗನು ರುಚಿಯಾದ ಊಟವನ್ನು ತಂದಿಟ್ಟು ಮೋಸಗೊಳಿಸಿದ ಕಥೆ ನಮಗೆಲ್ಲರಿಗೂ ಗೊತ್ತು. ಆ ಊಟದಲ್ಲಿ ವಿಷವೇನೂ ಇರಲಿಲ್ಲ. ಆದರೂ ಸಂಗತಿ ತಿಳಿದಾಗ ಮುದುಕನು ಬಹಳವಾಗಿ ನಡುಗಿದನು. ತಾಯಿಯ ಬುದ್ಧಿ ಮಂಕಾಗಿದೆ ಎಂಬ ಕಾರಣದಿಂದ ಅವಳ ಅನ್ನವನ್ನು ನಂಬಲಾರದ ಅನ್ನವನ್ನಾಗಿ ಮಾಡುವ ಅಧಿಕಾರವು ನಮಗೆ ಹೇಗೆ ಬಂತು? ವೈದ್ಯರು ನೋಡಿ, ಮನೆಯವರೆಲ್ಲರೂ ತಿಳಿದು, ಬೇರೆ ದಾರಿ ಇಲ್ಲವೆಂದು ಒಪ್ಪಿಕೊಂಡಾಗ ಅದು ಒಂದು; ಒಬ್ಬರೇ ಗುಟ್ಟಾಗಿ ಕಲಸುವದು ಮತ್ತೊಂದು.

ಎಚ್ಚರಿಕೆಯ ಒಂದು ಮಾತನ್ನು ಇಲ್ಲಿಯೇ ಹೇಳದಿದ್ದರೆ ನಮ್ಮ ಲೇಖನದಿಂದ ಕೇಡಾದೀತು. ಇದನ್ನು ಓದಿ ಯಾರೂ ಕೊಡುತ್ತಿರುವ ಗುಳಿಗೆಯನ್ನು ತಟ್ಟನೆ ನಿಲ್ಲಿಸಬಾರದು. ಎಳೇ ಪ್ರಾಯದಿಂದ ಚಿತ್ತರೋಗವಿದ್ದು ಔಷಧದಿಂದಲೇ ಬಾಳುವೆ ಮಾಡುತ್ತಿರುವವರೂ ಇದ್ದಾರೆ. ಕಡಿಮೆ ಮಾಡುವದೂ ಬಿಡಿಸುವದೂ ವೈದ್ಯರ ಕೆಲಸ. ೨೦೧೪ರಲ್ಲಿ ಆರಂಭವಾದ ಮನೋಚೈತನ್ಯ ಯೋಜನೆಯ ಪ್ರಕಾರ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಾಯಿತು. ನಿಮ್ಮ ತಾಲೂಕಿನಲ್ಲಿ ಯಾವಾಗ ಬರುತ್ತಾರೆಂದು ಮೊದಲು ವಿಚಾರಿಸಿಕೊಳ್ಳಿರಿ. ೧೪೪೧೬ ಎಂಬ ಟೆಲಿ ಮಾನಸ್ ನಂಬರಿಗೆ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಮುದುಕರಿಗೆ ಒಂದೆರಡು ದಿವಸಗಳಲ್ಲಿಯೇ ಒಮ್ಮೆಗೆ ಬುದ್ಧಿ ಕದಡಿದರೆ, ಜ್ವರವೋ ಮೂತ್ರದ ಬಾಧೆಯೋ ನೀರಿನ ಕೊರತೆಯೋ ಇದ್ದೀತೆಂದು ತಿಳಿದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಆ ತಾಯಿಯನ್ನು ಒಯ್ದಾಗ ವೈದ್ಯರು ಮೊದಲು ಗುಳಿಗೆಯ ಮಾತೆತ್ತಲಿಲ್ಲ. ಹೊಟ್ಟೆಯನ್ನು ಒತ್ತಿ ನೋಡಿ, "ಬಯಲಿಗೆ ಹೋಗಿ ಎಷ್ಟು ದಿವಸವಾಯಿತು?" ಎಂದು ಕೇಳಿದರು. ಸೊಸೆಗೆ ತಿಳಿಯದು, ನಮಗಂತೂ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಮಲಬದ್ಧತೆಯೂ ಮೊಣಕಾಲ ನೋವೂ ಅವಳನ್ನು ಸಂಜೆಸಂಜೆ ಕಾಡುತ್ತಿದ್ದವು. ಹೇಳಲಿಕ್ಕೆ ಮಾತು ಸಿಕ್ಕದೆ ಕೂಗುತ್ತಿದ್ದಳು. ಅವುಗಳಿಗೆ ಉಪಚಾರ ಮಾಡಿ, ಗುಳಿಗೆಯನ್ನು ವಾರವಾರಕ್ಕೆ ಇಳಿಸುತ್ತಾ ಬಂದು ಬಿಡಿಸಿದರು. ಕೈಕಾಲುಗಳ ಬಿಗಿ ಬಹುಮಟ್ಟಿಗೆ ಸಡಿಲಾಯಿತು. ಸಂಜೆಯ ಚಡಪಡಿಕೆ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಈಗ ಸಭೆಯ ಇಬ್ಬರು ಹೆಂಗಸರೂ ನೆರೆಮನೆಯ ಒಬ್ಬ ಹುಡುಗನೂ ಸರದಿಯಿಂದ ದೀಪದ ಹೊತ್ತಿಗೆ ಬಂದು, ಅವಳ ಗಂಟನ್ನು ಹಿಡಿದುಕೊಂಡು ಬೇವಿನ ಮರದ ವರೆಗೆ ಅವಳ ಸಂಗಡ ನಡೆದು ತಿರಿಗಿ ಬರುತ್ತಾರೆ. ಕೆಲವು ದಿನ ಅದರಿಂದ ಸಮಾಧಾನವಾಗುತ್ತದೆ, ಕೆಲವು ದಿನ ಆಗುವದಿಲ್ಲ. ವಾರದಲ್ಲಿ ಎರಡು ಮೂರು ರಾತ್ರಿ ಸೊಸೆಗೆ ಈಗಲೂ ನಿದ್ರೆ ಕೆಡುತ್ತದೆ. ಹೋದ ತಿಂಗಳು ಸರದಿ ನಮ್ಮದಾಗಿತ್ತು. ದಾರಿಯಲ್ಲಿ ಅವಳು ನಮ್ಮ ಕೈ ಹಿಡಿದು, ನಿಮ್ಮದು ಯಾವ ಊರು ಎಂದು ಕೇಳಿದಳು. ಹೇಳಿದೆವು. ಅಲ್ಲಿ ಮಳೆ ಬಂತೋ ಎಂದಳು. ಬಂತು ಎಂದೆವು. ಹಾಗಾದರೆ ನಮ್ಮೂರಿಗೂ ಬಂದಿರಬೇಕು ಎಂದು ಹೇಳಿ, ಗಂಟನ್ನು ನಮ್ಮ ಕೈಗೆ ಕೊಟ್ಟು ಮರದ ಕೆಳಗೆ ಕೂತುಕೊಂಡಳು.